‘ಕಿರುಚಲಿಲ್ಲವೇಕೆ?’ ಎಂದು ಕೇಳುವವರಿಗೆ

‘ಮೌನಂ ಸಮ್ಮತಿ ಲಕ್ಷಣಂ’ ಅನ್ನುವ ಮಾತು ಸಂಸ್ಕೃತ ಬಾರದವರ ಬಾಯಲ್ಲೂ ಸಲೀಸು. ಹೆಣ್ಣು ನೋಡುವ ಶಾಸ್ತ್ರದ ದಿನ ಹುಡುಗಿ ಕಾಫಿ ತಟ್ಟೆ ಇಟ್ಟು, ತಲೆ ತಗ್ಗಿಸಿ ಒಳಗೆ ಹೋದರೆ ಸಾಕು, ‘ಒಪ್ಪಿಗೆ ಇದೆ, ನಾಚ್ಕೋತಾಳೆ ಅಷ್ಟೆ’ ಎಂದು ಹಜಾರದಲ್ಲಿ ಕೂತ ದೊಡ್ಡವರು ತೀರ್ಮಾನಿಸಿಬಿಡುತ್ತಾರೆ. ಬೇಡ ಅನ್ನಬೇಕಿದ್ದರೆ ಆಕೆ ಅದನ್ನು ಯಾರ ಮುಂದೆ, ಯಾವ ಹೊತ್ತಿನಲ್ಲಿ, ಹೇಗೆ ಅನ್ನಬೇಕಿತ್ತು ಎಂದು ಯಾರೂ ಯೋಚಿಸುವುದಿಲ್ಲ. ಈ ರೂಢಿ ಹಜಾರದಲ್ಲೇ ಉಳಿಯದೆ ಪೊಲೀಸ್ ಠಾಣೆಗೂ ಕೋರ್ಟಿಗೂ ಬಂದು ಕೂರುತ್ತದೆ. ಅತ್ಯಾಚಾರದ ದೂರು ಕೊಟ್ಟವಳಿಗೆ ಮೊದಲು ಎದುರಾಗುವ ಪ್ರಶ್ನೆಗಳನ್ನೇ ನೋಡಿ: ಕಿರುಚಲಿಲ್ಲವೇಕೆ? ಓಡಿಹೋಗಲಿಲ್ಲವೇಕೆ? ಇಷ್ಟು ದಿನ ಸುಮ್ಮನಿದ್ದಿದ್ದೇಕೆ? ಮೂರೂ ಮೌನವನ್ನು ಒಪ್ಪಿಗೆ ಎಂದುಕೊಂಡು ಹುಟ್ಟಿದವು. ಮೂರಕ್ಕೂ ಉತ್ತರ ಕೊಡಬೇಕಾದವಳು ಆಕೆಯೇ.

ಕಾನೂನು ಈ ಗಾದೆಯನ್ನು 2013ರಲ್ಲೇ ಕೈಬಿಟ್ಟಿದೆ. ಒಪ್ಪಿಗೆ ಅಂದರೇನು ಎಂಬ ವಿವರಣೆ ಆಗ ಹಳೆಯ ದಂಡ ಸಂಹಿತೆ ಐಪಿಸಿಗೆ ಸೇರಿತು. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದೇ ವಿವರಣೆಯನ್ನು ತನ್ನ 63ನೇ ಸೆಕ್ಷನ್‌ನಲ್ಲಿ ಉಳಿಸಿಕೊಂಡಿದೆ. ಅದರ ಸಾರ ಇಷ್ಟು: ಅನುಮಾನಕ್ಕೆ ಎಡೆಯಿಲ್ಲದಂತೆ, ತನ್ನ ಇಚ್ಛೆಯಿಂದಲೇ, ಮಾತಿನಲ್ಲೋ ಸನ್ನೆಯಲ್ಲೋ ಬೇರಾವುದಾದರೂ ರೀತಿಯಲ್ಲೋ, ಆ ನಿರ್ದಿಷ್ಟ ಲೈಂಗಿಕ ಕ್ರಿಯೆಗೆ ತಾನು ಸಿದ್ಧ ಎಂದು ಮಹಿಳೆ ತಿಳಿಸುವುದೇ ಒಪ್ಪಿಗೆ. ಅದರ ಬೆನ್ನಿಗೇ ಇನ್ನೊಂದು ಸಾಲಿದೆ. ದೈಹಿಕವಾಗಿ ಪ್ರತಿರೋಧ ತೋರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಆಕೆ ಒಪ್ಪಿದ್ದಳು ಎಂದು ತಿಳಿಯುವಂತಿಲ್ಲ.

ಈ ಎರಡನೇ ಸಾಲು ಸುಮ್ಮನೆ ಬಂದಿದ್ದಲ್ಲ. 1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಗೆ ದೂರಿನ ವಿಚಾರವಾಗಿ ಮನೆಯವರ ಜೊತೆ ಬಂದಿದ್ದ ಆದಿವಾಸಿ ಹುಡುಗಿಯನ್ನು ಉಳಿದವರನ್ನೆಲ್ಲ ಹೊರಗೆ ಕಳಿಸಿ ಠಾಣೆಯೊಳಗೇ ಇರಿಸಿಕೊಳ್ಳಲಾಯಿತು. ಆಗ ಆಕೆಗೆ ಹದಿನಾಲ್ಕರಿಂದ ಹದಿನಾರು ವರ್ಷ ಎಂಬ ಅಂದಾಜು. ಈ ಪ್ರಕರಣ ಇವತ್ತಿಗೂ ಆ ಹುಡುಗಿಯ ಹೆಸರಿನಿಂದಲೇ ಪ್ರಸಿದ್ಧ. ಆದರೆ ಕಾನೂನು ವರದಿಗಳಲ್ಲಿ ಅದು ‘ತುಕಾರಾಂ ವಿರುದ್ಧ ಮಹಾರಾಷ್ಟ್ರ ಸರ್ಕಾರ’. ತುಕಾರಾಂ ಆರೋಪಿ ಹೆಡ್ ಕಾನ್‌ಸ್ಟೆಬಲ್ಲನ ಹೆಸರು. ನಾವೂ ಆ ಹೆಸರಿನಿಂದ ಕರೆಯುವುದೇ ಮೇಲು. ಬಾಂಬೆ ಹೈಕೋರ್ಟ್ ಕೊಟ್ಟ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮೈಮೇಲೆ ಗಾಯವಿಲ್ಲ, ಆಕೆ ಕೂಗಿಕೊಂಡಿಲ್ಲ, ಹಾಗಾಗಿ ಬಲವಂತ ಸಾಬೀತಾಗಿಲ್ಲ ಅನ್ನುವುದು ತೀರ್ಪಿನ ತಿರುಳು. ರಾತ್ರಿ ಹೊತ್ತು, ಠಾಣೆಯೊಳಗೆ, ಪೊಲೀಸರ ಎದುರು ಒಬ್ಬ ಬಡ ಹುಡುಗಿ ಯಾರನ್ನು ಕೂಗಿ ಕರೆಯಬೇಕಿತ್ತು? 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು, ಮಣಿಯುವುದು ಬೇರೆ, ಒಪ್ಪುವುದು ಬೇರೆ ಎಂದು ಬಿಡಿಸಿ ಹೇಳಿದರು. ದೇಶದುದ್ದಕ್ಕೂ ಪ್ರತಿಭಟನೆಗಳಾದವು. 1983ರಲ್ಲಿ ತಿದ್ದುಪಡಿ ಬಂತು. ಠಾಣೆ, ಜೈಲು, ಆಸ್ಪತ್ರೆಯಂಥ ಕಡೆ ಅಧಿಕಾರದಲ್ಲಿರುವವನ ವಿರುದ್ಧದ ಪ್ರಕರಣದಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, ‘ನಾನು ಒಪ್ಪಿರಲಿಲ್ಲ’ ಎಂದು ಆಕೆ ಕೋರ್ಟಿನಲ್ಲಿ ಹೇಳಿದರೆ, ಕೋರ್ಟು ಅದನ್ನೇ ನಿಜವೆಂದು ಭಾವಿಸಿ ಮುಂದುವರಿಯಬೇಕು. ಒಪ್ಪಿಗೆ ಇತ್ತು ಎಂದು ತೋರಿಸಿಕೊಡುವ ಹೊಣೆ ಆರೋಪಿಯದು. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಉಳಿದದ್ದು 2012ರ ಡಿಸೆಂಬರ್ 16ರ ದೆಹಲಿ ಘಟನೆಯ ನಂತರ ಬಂತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಒಂದೇ ತಿಂಗಳಲ್ಲಿ, 2013ರ ಜನವರಿ 23ಕ್ಕೆ, ವರದಿ ಕೊಟ್ಟಿತು. ಒಪ್ಪಿಗೆಯ ವಿವರಣೆ ಕಾನೂನಿನೊಳಗೆ ಬಂದದ್ದು ಆ ವರ್ಷದ ತಿದ್ದುಪಡಿಯಲ್ಲಿ. ಬೆರಳು, ವಸ್ತು, ಬಾಯಿಯಿಂದ ಮಾಡುವ ಕೃತ್ಯಗಳೂ ಅತ್ಯಾಚಾರದ ವ್ಯಾಪ್ತಿಗೆ ಸೇರಿದ್ದೂ ಆಗಲೇ.

ನಮ್ಮ ಪದಗಳು ಇನ್ನೂ ಹಿಂದೆಯೇ ಉಳಿದಿವೆ. ‘ಬಲಾತ್ಕಾರ’ ಅಂದರೆ ನೋಟ ಹೋಗುವುದು ಬಲದ ಕಡೆಗೆ. ಬಲ ಪ್ರಯೋಗವಾಗದಿದ್ದರೆ ಅದು ಅಪರಾಧವೇ ಅಲ್ಲವೇನೋ ಎಂಬಂತೆ. ‘ಮಾನಭಂಗ’ ಅಂದರೆ ಹೋದದ್ದು ಆಕೆಯ ಮಾನ, ಮಾಡಿದವನದಲ್ಲ. ‘ಅತ್ಯಾಚಾರ’ ಅಂದರೆ ಆಚಾರ ಮೀರಿದ್ದು. ಪತ್ರಿಕೆಗಳು ಮೂರನ್ನೂ ಬಳಸುತ್ತವೆ. ಮೂರರಲ್ಲಿ ಒಂದಕ್ಕೂ ಆಕೆಗೆ ಬೇಕಿತ್ತೇ ಬೇಡವಾಗಿತ್ತೇ ಎಂಬುದರ ಗೊಡವೆಯಿಲ್ಲ.

ಕಾನೂನಿನ ವಿವರಣೆಯ ಒಂದೊಂದು ಪದಕ್ಕೂ ಕೆಲಸವಿದೆ. ‘ನಿರ್ದಿಷ್ಟ ಕ್ರಿಯೆ’ ಎಂಬುದನ್ನೇ ತೆಗೆದುಕೊಳ್ಳಿ. ಸಿನಿಮಾಕ್ಕೆ ಜೊತೆಯಲ್ಲಿ ಬಂದದ್ದು, ರೂಮಿಗೆ ಬಂದದ್ದು, ಮುತ್ತು ಕೊಟ್ಟದ್ದು, ಹೋದ ವಾರ ಒಪ್ಪಿದ್ದು, ಇವು ಯಾವುವೂ ಈ ಹೊತ್ತಿನ ಈ ಕ್ರಿಯೆಗೆ ಒಪ್ಪಿಗೆಯಲ್ಲ. ನಡುವೆ ಸಾಕು ಅಂದರೆ ಅಲ್ಲಿಗೆ ಒಪ್ಪಿಗೆ ಮುಗಿಯಿತು. ಫೋಟೊ, ವಿಡಿಯೊ ವಿಷಯದಲ್ಲಿ 77ನೇ ಸೆಕ್ಷನ್ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ: ತೆಗೆಯುವುದಕ್ಕೆ ಒಪ್ಪಿದ್ದರೂ ಬೇರೆಯವರಿಗೆ ಕಳಿಸುವುದಕ್ಕೆ ಒಪ್ಪಿರದಿದ್ದರೆ ಹಂಚಿದ್ದು ಅಪರಾಧ. ‘ಅವಳೇ ಕಳಿಸಿದ್ದಲ್ವಾ’ ಅನ್ನುವ ವಾಟ್ಸ್‌ಆ್ಯಪ್ ಗುಂಪಿನ ಸಮರ್ಥನೆ ಅಲ್ಲಿಗೆ ಬಿದ್ದುಹೋಯಿತು.

‘ಸ್ವಇಚ್ಛೆ’ ಕೂಡ ಅಷ್ಟೆ. ತನಗೋ ತನ್ನವರಿಗೋ ಪ್ರಾಣಭಯ, ಪೆಟ್ಟಿನ ಭಯ ಹುಟ್ಟಿಸಿ ಪಡೆದ ‘ಹೂಂ’ ಲೆಕ್ಕಕ್ಕಿಲ್ಲ. ಏನಾಗುತ್ತಿದೆ, ಅದರ ಪರಿಣಾಮವೇನು ಎಂದು ತಿಳಿಯಲಾರದಷ್ಟು ಅಮಲಿನಲ್ಲಿದ್ದವಳ ‘ಹೂಂ’ ಕೂಡ ಲೆಕ್ಕಕ್ಕಿಲ್ಲ, ಆ ಅಮಲು ಆಕೆಯೇ ಕುಡಿದು ಬಂದಿದ್ದರೂ. ಗಂಡನೆಂದು ತಪ್ಪು ತಿಳಿದು ಒಪ್ಪಿದ್ದೂ ಒಪ್ಪಿಗೆಯಲ್ಲ. 18 ತುಂಬದವಳ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ.

ಈ ಕೊನೆಯದರಲ್ಲಿ ನಿಜವಾದ ತೊಡಕೊಂದಿದೆ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಪ್ರೀತಿಸಿ ಓಡಿಹೋದರೂ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಬೀಳುತ್ತದೆ, ಹೆಚ್ಚಾಗಿ ಹುಡುಗಿಯ ಅಪ್ಪನ ದೂರಿನ ಮೇಲೆ, ಜಾತಿ ಬೇರೆಯಾಗಿದ್ದರೆ ಇನ್ನೂ ಬೇಗ. 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಈ ವಯಸ್ಸಿನ ಮಿತಿಯ ಬಗ್ಗೆ ಮರುಯೋಚನೆ ಮಾಡಿ ಎಂದು ಕಾನೂನು ಆಯೋಗಕ್ಕೆ ಹೇಳಿತು. 2023ರಲ್ಲಿ ಆಯೋಗ, ವಯಸ್ಸು ಇಳಿಸುವುದು ಬೇಡ ಎಂದಿತು. ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಆದರೆ ಇಂಥ ಪ್ರಕರಣಗಳು ಅಂಕಿಅಂಶದಲ್ಲಿ ಬೆರೆತುಹೋಗಿರುವುದನ್ನು ಓದುಗರು ಮರೆಯಬಾರದು.

ಮದುವೆಯ ಮಾತು ಕೊಟ್ಟು ಕೈಬಿಟ್ಟರೆ? ಕರ್ನಾಟಕದಿಂದಲೇ ಹೋದ ಉದಯ್ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು. ಜಾತಿ ಬೇರೆಯಾದ್ದರಿಂದ ಮದುವೆಗೆ ಅಡ್ಡಿ ಬರುತ್ತದೆ ಎಂದು ತಿಳಿದೂ ಆಕೆ ಸಂಬಂಧಕ್ಕೆ ಒಪ್ಪಿದ್ದಳು, ಆತ ಮೊದಲಿಂದಲೇ ಮೋಸ ಮಾಡುವ ಉದ್ದೇಶ ಹೊಂದಿದ್ದನೆಂದು ಹೇಳಲಾಗದು ಎಂಬುದು ಕಾರಣ. ಆಮೇಲಿನ ತೀರ್ಪುಗಳಲ್ಲೂ ಅದೇ ಒರೆಗಲ್ಲು: ಮಾತು ಕೊಟ್ಟ ದಿನವೇ ಅದು ಸುಳ್ಳಾಗಿತ್ತೇ, ಅಥವಾ ನಿಜವಾಗಿದ್ದದ್ದು ಆಮೇಲೆ ಮುರಿದುಬಿತ್ತೇ? ಈಗ ಇದಕ್ಕೆಂದೇ 69ನೇ ಸೆಕ್ಷನ್ ಇದೆ. ಸುಳ್ಳು ಮದುವೆಯ ಮಾತು, ಕೆಲಸ ಅಥವಾ ಬಡ್ತಿಯ ಸುಳ್ಳು ಆಸೆ ತೋರಿಸಿದ್ದರೆ 10 ವರ್ಷದವರೆಗೆ ಶಿಕ್ಷೆ. ಅದನ್ನು ಅತ್ಯಾಚಾರದಿಂದ ಬೇರೆಯಾಗಿಯೇ ಇರಿಸಲಾಗಿದೆ.

ಇನ್ನೊಂದು ದೊಡ್ಡ ಕಂದಕದ ಬಗ್ಗೆ ಹೆಚ್ಚು ಚರ್ಚೆ ಆಗುತ್ತಿಲ್ಲ. ಐಪಿಸಿಯ 377ನೇ ಸೆಕ್ಷನ್ ಹೊಸ ಸಂಹಿತೆಯಲ್ಲಿ ಇಲ್ಲ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ ಭಾಗ 2018ರಲ್ಲೇ ಬಿದ್ದುಹೋಗಿತ್ತು. ಉಳಿದಿದ್ದ ಭಾಗ ಗಂಡಸರ ಮೇಲಿನ ಬಲವಂತವನ್ನು ಶಿಕ್ಷಿಸುತ್ತಿತ್ತು, ಅದೂ ಈಗ ಹೋಯಿತು. 18 ದಾಟಿದ ಗಂಡಸಿನ ಮೇಲೆ ಅತ್ಯಾಚಾರ ನಡೆದರೆ ಹಾಕಲು ಇವತ್ತು ಅದಕ್ಕೆಂದೇ ಒಂದು ಸೆಕ್ಷನ್ ಇಲ್ಲ. ತೃತೀಯ ಲಿಂಗಿಗಳಿಗೆಂದೇ 2019ರಲ್ಲಿ ಬಂದ ಕಾಯ್ದೆ ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಇಟ್ಟದ್ದು ಹೆಚ್ಚೆಂದರೆ 2 ವರ್ಷದ ಶಿಕ್ಷೆ.

ಈಗ ಕಿರುಚುವ ಮಾತಿಗೆ ಬರೋಣ. ಅಪಾಯ ಎದುರಾದಾಗ ದೇಹ ಹೋರಾಡುತ್ತದೆ ಅಥವಾ ಓಡುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಮೂರನೆಯದೊಂದಿದೆ, ಮರಗಟ್ಟುವುದು. ಬೆಕ್ಕಿನ ಬಾಯಿಗೆ ಸಿಕ್ಕ ಇಲಿ ಸತ್ತಂತೆ ಬಿದ್ದಿರುವುದನ್ನು ನೋಡಿದವರಿಗೆ ಇದು ಗೊತ್ತು. ತಪ್ಪಿಸಿಕೊಳ್ಳಲು ದಾರಿಯಿಲ್ಲ ಎಂದು ಮಿದುಳಿಗೆ ಅನ್ನಿಸಿದ ಕ್ಷಣ ಕೈಕಾಲು ಸ್ತಬ್ಧವಾಗುತ್ತವೆ, ದನಿ ಹೊರಡುವುದಿಲ್ಲ, ನಡೆಯುತ್ತಿರುವುದನ್ನು ದೂರದಿಂದ ನೋಡುತ್ತಿರುವಂತೆ ಅನ್ನಿಸುತ್ತದೆ. ಇದನ್ನು ಆಕೆ ಆರಿಸಿಕೊಂಡಿರುವುದಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರ ಸಂತ್ರಸ್ತರ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಬಂದ 298 ಮಹಿಳೆಯರನ್ನು ಕೇಳಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 100ಕ್ಕೆ 70 ಮಂದಿ ಗಣನೀಯ ಪ್ರಮಾಣದಲ್ಲಿ, 48 ಮಂದಿ ತೀವ್ರವಾಗಿ ಹೀಗೆ ಮರಗಟ್ಟಿದ್ದರು. ಅಂದರೆ ಕಿರುಚದಿರುವುದು ಅಪರೂಪವೇನಲ್ಲ, ಬಹುಮಂದಿಗೆ ಆಗುವುದೇ ಹಾಗೆ.

ಆಮೇಲಿನ ನಡವಳಿಕೆಯೂ ನಾವು ಅಂದುಕೊಂಡಂತಿರುವುದಿಲ್ಲ. ಕೆಲವರು ನಿದ್ದೆ ಹೋಗುತ್ತಾರೆ. ಕೆಲವರು ಮಾರನೆಯ ದಿನ ಕೆಲಸಕ್ಕೆ ಹೋಗಿ ಅದೇ ಮನುಷ್ಯನಿಗೆ ‘ಗುಡ್ ಮಾರ್ನಿಂಗ್’ ಅನ್ನುತ್ತಾರೆ, ಏನೂ ಆಗಿಲ್ಲವೆಂದು ತಮ್ಮನ್ನು ತಾವೇ ನಂಬಿಸಿಕೊಳ್ಳಲು. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ನಿರೀಕ್ಷಣಾ ಜಾಮೀನು ಆದೇಶದಲ್ಲಿ, ಕೃತ್ಯದ ನಂತರ ದಣಿದು ನಿದ್ದೆ ಹೋದೆ ಅನ್ನುವುದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂಬ ಅರ್ಥದ ಸಾಲಿತ್ತು. ವ್ಯಾಪಕ ಟೀಕೆ ಬಂದ ಮೇಲೆ ಆ ಸಾಲುಗಳನ್ನು ತೆಗೆದುಹಾಕಲಾಯಿತು. ತೆಗೆದದ್ದು ಕೋರ್ಟಿನ ದೊಡ್ಡತನ, ಸರಿ. ಬರೆದಾಗ ಅದು ಸಹಜವೆನ್ನಿಸಿತ್ತಲ್ಲ, ಯೋಚಿಸಬೇಕಾದದ್ದು ಅದು.

ಹಾಗಿದ್ದರೆ ಯಾಕೆ ಮಾಡುತ್ತಾರೆ? ‘ಕಾಮ ಕಣ್ಣು ಕಟ್ಟಿತು’, ‘ಕುಡಿದಿದ್ದ’, ‘ಅವಳ ಬಟ್ಟೆ ಹಾಗಿತ್ತು’ ಎಂಬ ಮೂರು ಸಿದ್ಧ ಉತ್ತರಗಳು ಊರಲ್ಲೆಲ್ಲ ಓಡಾಡುತ್ತವೆ. ಮಾಡಿದವರನ್ನೇ ಕೇಳಿದ ದೊಡ್ಡ ಅಧ್ಯಯನವೊಂದಿದೆ. ವಿಶ್ವಸಂಸ್ಥೆಯ ಸಂಸ್ಥೆಗಳು ಬಾಂಗ್ಲಾದೇಶ, ಶ್ರೀಲಂಕಾ, ಕಾಂಬೋಡಿಯಾ, ಚೀನಾ, ಇಂಡೊನೇಷ್ಯಾ, ಪಪುವಾ ನ್ಯೂಗಿನಿಗಳಲ್ಲಿ ಹತ್ತು ಸಾವಿರ ಗಂಡಸರನ್ನು ಮಾತಾಡಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದವು. ಭಾರತ ಅದರಲ್ಲಿ ಇರಲಿಲ್ಲ, ನೆರೆಯ ಎರಡು ದೇಶಗಳಿದ್ದವು. ಜಾಣತನವೆಂದರೆ ಪ್ರಶ್ನೆಯಲ್ಲಿ ‘ಅತ್ಯಾಚಾರ’ ಎಂಬ ಪದವನ್ನೇ ಬಳಸಲಿಲ್ಲ. ಆಕೆಗೆ ಇಷ್ಟವಿಲ್ಲವೆಂದು ಗೊತ್ತಿದ್ದೂ, ಹೆಂಡತಿ ಅಥವಾ ಗೆಳತಿಯಾದ್ದರಿಂದ ಒಪ್ಪಲೇಬೇಕು ಎಂದುಕೊಂಡು ಸಂಭೋಗ ಮಾಡಿದ್ದುಂಟೇ ಎಂಬಂಥ ಪ್ರಶ್ನೆ. ನಾಲ್ವರಲ್ಲಿ ಒಬ್ಬರು ಹೌದು ಎಂದರು. ಯಾಕೆ ಮಾಡಿದಿರಿ ಎಂದಾಗ 100ಕ್ಕೆ 73 ಮಂದಿ ಕೊಟ್ಟ ಉತ್ತರ ‘ನನಗೆ ಬೇಕಿತ್ತು, ಅದು ನನ್ನ ಹಕ್ಕು’ ಎಂಬ ಬಗೆಯದು. 59 ಮಂದಿ ಮೋಜಿಗೆ, ಬೇಸರ ಕಳೆಯಲು ಎಂದರು. ಸಿಟ್ಟು, ಪಾಠ ಕಲಿಸುವುದು ಎಂದವರು 38. ಕುಡಿತ ಎಂದವರು ಎಲ್ಲಕ್ಕಿಂತ ಕಡಿಮೆ, 27. (ಒಬ್ಬರು ಒಂದಕ್ಕಿಂತ ಹೆಚ್ಚು ಕಾರಣ ಹೇಳಬಹುದಿತ್ತು.) ಅರ್ಧಕ್ಕೂ ಹೆಚ್ಚು ಮಂದಿ ಮೊದಲ ಬಾರಿ ಮಾಡಿದ್ದು ಹದಿಹರೆಯದಲ್ಲಿ. ಬಹುಪಾಲು ಮಂದಿಗೆ ಕಾನೂನಿನ ಬಿಸಿ ತಟ್ಟಲೇ ಇಲ್ಲ.

ಹಕ್ಕು ಎಂಬ ಈ ಭಾವನೆಯೇ ಮೂಲ. ಕಾಮ ಕಣ್ಣು ಕಟ್ಟುವುದಾದರೆ ಮೇಲಧಿಕಾರಿಯ ಮಗಳ ಎದುರೂ ಕಟ್ಟಬೇಕಿತ್ತು, ಹಾಗಾಗುವುದು ಕಡಿಮೆ. ಯಾರು ಹೇಳಲಾರರು, ಹೇಳಿದರೂ ಯಾರನ್ನು ನಂಬುವುದಿಲ್ಲ ಎಂಬ ಲೆಕ್ಕ ಮೊದಲೇ ಆಗಿರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2021ರ ಲೆಕ್ಕದಲ್ಲಿ ದಾಖಲಾದ 31,677 ಅತ್ಯಾಚಾರ ಪ್ರಕರಣಗಳ ಪೈಕಿ 100ಕ್ಕೆ 96ರಲ್ಲಿ ಆರೋಪಿ ಪರಿಚಿತನೇ: ಮನೆಯವನು, ನೆಂಟ, ನೆರೆಯವನು, ಕೆಲಸ ಕೊಟ್ಟವನು, ಪ್ರೀತಿಸಿದವನು. ಓಡಿಹೋದವರ, ಮದುವೆಯ ಮಾತು ತಪ್ಪಿದವರ ಪ್ರಕರಣಗಳೂ ಇದರಲ್ಲಿ ಸೇರಿರುವುದರಿಂದ ಆ 96ನ್ನು ಸ್ವಲ್ಪ ತಗ್ಗಿಸಿಯೇ ಓದಬೇಕು. ಎಷ್ಟು ತಗ್ಗಿಸಿದರೂ ಕತ್ತಲ ಗಲ್ಲಿಯ ಅಪರಿಚಿತ ಮುಖ್ಯಪಾತ್ರಧಾರಿ ಆಗುವುದಿಲ್ಲ. ಪೆಪ್ಪರ್ ಸ್ಪ್ರೇ ಕೊಂಡುಕೊಡುವ ಅಪ್ಪಂದಿರು ಇದನ್ನು ತಿಳಿದಿರಬೇಕು.

ಬೆಂಗಳೂರಿನ ಒಂದು ಸಾಮಾನ್ಯ ಗಾರ್ಮೆಂಟ್ಸ್ ಫ್ಲೋರ್ ಕಲ್ಪಿಸಿಕೊಳ್ಳಿ. ಮಿಷನ್ನುಗಳ ಉದ್ದ ಸಾಲು, ಕೂತವರಲ್ಲಿ ಹೆಚ್ಚಿನವರು ಹೆಂಗಸರು, ಮೇಲೆ ನಿಂತವನು ಲೈನ್ ಸೂಪರ್‌ವೈಸರ್. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬೋರ್ಡಿನಲ್ಲಿ ಬರೆಯುವವನು, ರಜೆಗೆ ಸಹಿ ಹಾಕುವವನು, ಓಟಿ ಕೊಡುವವನು, ತಡವಾಗಿ ಬಂದವಳನ್ನು ಗೇಟಿನಿಂದ ಒಳಗೆ ಬಿಡಿಸುವವನು ಅವನೇ. ಮೊದಲು ಅವನು ಮಾಡುವುದು ಒಂದು ಉಪಕಾರ: ಟಾರ್ಗೆಟ್ ಮುಟ್ಟದ ದಿನ ಬೈಯದೆ ಬಿಡುತ್ತಾನೆ. ಆಮೇಲೆ ಒಂದು ದ್ವಂದ್ವಾರ್ಥದ ತಮಾಷೆ. ಅವಳು ನಕ್ಕರೂ ನಗದಿದ್ದರೂ ಅವನಿಗೆ ಬೇಕಾದದ್ದು ತಿಳಿಯುತ್ತದೆ: ಇವಳು ಎದುರು ಮಾತಾಡುವವಳಲ್ಲ. ಆಮೇಲೆ ಹೊಲಿಗೆ ತೋರಿಸುವ ನೆಪದಲ್ಲಿ ಭುಜದ ಮೇಲೆ ಕೈ. ಸರಿದು ಕೂತರೆ ಮರುದಿನ ಟಾರ್ಗೆಟ್ ಏರುತ್ತದೆ. ಕೊನೆಗೆ ‘ಸಂಡೇ ಓಟಿ ಇದೆ, ನೀನೊಬ್ಬಳೇ ಬಾ’. ಆ ಭಾನುವಾರ ಆಕೆ ಬಂದದ್ದನ್ನು ಮುಂದೆ ವಕೀಲರು ಒಪ್ಪಿಗೆ ಅನ್ನುತ್ತಾರೆ. ಮನೆ ಬಾಡಿಗೆ, ಚೀಟಿ ಕಂತು, ಮಗುವಿನ ಸ್ಕೂಲ್ ಫೀ ಎಲ್ಲವೂ ಆ ಸಂಬಳದ ಮೇಲಿರುವಾಗ ಆಕೆಗೆ ‘ಬೇಡ’ ಎನ್ನಲು ಎಷ್ಟು ಖರ್ಚಾಗುತ್ತದೆ ಎಂಬುದನ್ನು ಲೆಕ್ಕ ಹಾಕದೆ ‘ಹೂಂ’ಗೆ ಬೆಲೆ ಕಟ್ಟಲಾಗದು. ಸಂಶೋಧನಾ ಮಾರ್ಗದರ್ಶಕ ಮತ್ತು ಪಿಎಚ್‌ಡಿ ವಿದ್ಯಾರ್ಥಿನಿ, ತೋಟದ ಮಾಲೀಕ ಮತ್ತು ಲೈನ್ ಮನೆಯ ಆಳು, ಮಠ ಮತ್ತು ಹಾಸ್ಟೆಲ್ ಮಕ್ಕಳು, ಎಲ್ಲ ಕಡೆ ಮೆಟ್ಟಿಲುಗಳು ಹೆಚ್ಚು ಕಡಿಮೆ ಇವೇ: ಉಪಕಾರ, ಪರೀಕ್ಷೆ, ಒಂಟಿ ಮಾಡುವುದು, ಗುಟ್ಟು.

ಇದನ್ನು ಕೆಳಗಿನ ಮೆಟ್ಟಿಲಲ್ಲೇ ತಡೆಯಲು ಇರುವುದು ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಹುದ್ದೆಯ ಮಹಿಳೆ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮನೆಗೆಲಸದವರಿಗೂ ಅದೇ ದಾರಿ. ದೂರಿಗೆ 3 ತಿಂಗಳ ಗಡುವು, ಕಾರಣ ಒಪ್ಪಿಗೆಯಾದರೆ ಇನ್ನೂ 3 ತಿಂಗಳು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಕೆಡುವುದು ಎಲ್ಲಿ ಅಂದರೆ, ಸಮಿತಿಯ ಹೆಸರುಗಳು ಗೋಡೆಯ ಮೇಲಿರುತ್ತವೆ, ಸದಸ್ಯರ ಇನ್‌ಕ್ರಿಮೆಂಟು ಆರೋಪಿಯ ಕೈಯಲ್ಲಿರುತ್ತದೆ. ‘ಕೂತು ಮಾತಾಡಿ ಮುಗಿಸಿಕೊಳ್ಳಿ’ ಎನ್ನುವುದು ಇನ್ನೊಂದು ರೋಗ. ದೂರುದಾರಳೇ ಕೇಳಿದರೆ ಮಾತ್ರ ರಾಜಿಗೆ ಅವಕಾಶ, ಅದೂ ಹಣದ ರಾಜಿಯಂತೂ ಸಲ್ಲದು. ಸುಳ್ಳು ದೂರಿಗೆ ಶಿಕ್ಷೆಯಿದೆ ಎಂದು ಹೆದರಿಸುವವರು ಅದೇ ಸೆಕ್ಷನ್ನಿನ ಮುಂದಿನ ಮಾತನ್ನು ಓದುವುದಿಲ್ಲ: ಸಾಬೀತು ಮಾಡಲಾಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ.

ಕಾನೂನೇ ಹಕ್ಕೆಂದು ಒಪ್ಪಿಕೊಂಡ ಒಂದು ಜಾಗ ಉಳಿದಿದೆ, ಮದುವೆ. ಹೆಂಡತಿಗೆ 18 ತುಂಬಿದ್ದರೆ ಗಂಡನ ಕೃತ್ಯ ಅತ್ಯಾಚಾರವಲ್ಲ ಎಂಬ ವಿನಾಯಿತಿ ಹೊಸ ಸಂಹಿತೆಯಲ್ಲೂ ಇದೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಹೆಂಡತಿ ಹೂಡಿದ ಪ್ರಕರಣದಲ್ಲಿ ಗಂಡನ ಮೇಲಿನ ಅತ್ಯಾಚಾರದ ಆರೋಪ ಕೈಬಿಡಲು ನಿರಾಕರಿಸಿದರು. ಕೃತ್ಯ ಯಾರು ಮಾಡಿದರೂ ಕೃತ್ಯವೇ, ಗಂಡ ಮಾಡಿದರೂ ಅತ್ಯಾಚಾರ ಅತ್ಯಾಚಾರವೇ ಎಂಬುದು ಅವರ ನಿಲುವು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಅದೇ ಸುಪ್ರೀಂ ಕೋರ್ಟ್, ಗರ್ಭಪಾತ ಕಾಯ್ದೆಯ ಮಟ್ಟಿಗೆ ಗಂಡನ ಬಲವಂತವೂ ಅತ್ಯಾಚಾರವೇ ಎಂದಿತು. ಹಾಗಾಗಿ ಇವತ್ತು ಹೆಂಡತಿಯೊಬ್ಬಳು ಆಸ್ಪತ್ರೆಯಲ್ಲಿ ಅತ್ಯಾಚಾರ ಸಂತ್ರಸ್ತೆ, ಠಾಣೆಯಲ್ಲಿ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಲೈಂಗಿಕ ಹಿಂಸೆ ಅನುಭವಿಸಿದ ವಿವಾಹಿತೆಯರಲ್ಲಿ 100ಕ್ಕೆ 82 ಮಂದಿ ಬೊಟ್ಟು ಮಾಡಿದ್ದು ಈಗಿನ ಗಂಡನ ಕಡೆಗೆ.

ಇನ್ನು ಕೈಗೆ ಬೇಕಾದ ವಿವರ. ಮೊದಲ 72 ಗಂಟೆ ಮುಖ್ಯ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಗರ್ಭ ತಡೆಯುವ ತುರ್ತು ಮಾತ್ರೆಯೂ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಪರಿಣಾಮ. ಮೈಮೇಲಿನ ಜೈವಿಕ ಸಾಕ್ಷ್ಯವನ್ನು ಸಾಮಾನ್ಯವಾಗಿ 96 ಗಂಟೆಯವರೆಗೆ ಸಂಗ್ರಹಿಸುತ್ತಾರೆ. ಆಗುವುದಾದರೆ ಸಾಕ್ಷ್ಯ ತೆಗೆದುಕೊಳ್ಳುವವರೆಗೆ ಸ್ನಾನ ಬೇಡ. ಮಾಡಿಬಿಟ್ಟಿದ್ದರೂ ಆಸ್ಪತ್ರೆಗೆ ಹೋಗಿ, ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ. ತೊಟ್ಟಿದ್ದ ಬಟ್ಟೆ ಒಗೆಯಬೇಡಿ. ಒದ್ದೆಯಿದ್ದರೆ ನೆರಳಲ್ಲಿ ಆರಲು ಬಿಟ್ಟು, ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿನಲ್ಲಿ ಅಥವಾ ದಿನಪತ್ರಿಕೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಕಟ್ಟಿ ಬೂಸ್ಟು ಹಿಡಿದು ಡಿಎನ್‌ಎ ಕೆಡುತ್ತದೆ. ಎಷ್ಟೋ ಪ್ರಕರಣ ಹಾಳಾಗುವುದು ಇಂಥ ಸಣ್ಣದರಲ್ಲೇ.

ಸರ್ಕಾರಿಯಿರಲಿ ಖಾಸಗಿಯಿರಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಬೇಕು. ‘ಮೊದಲು ಎಫ್‌ಐಆರ್ ತನ್ನಿ’ ಎಂದು ವಾಪಸು ಕಳಿಸುವುದು ಅಪರಾಧ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ದೂರು ಕೊಡುವುದು ಬಿಡುವುದು ವಯಸ್ಕ ಮಹಿಳೆಯ ಇಷ್ಟ. ತಪಾಸಣೆಗೂ ಆಕೆಯ ಒಪ್ಪಿಗೆ ಬೇಕು, ಒಂದು ಭಾಗಕ್ಕೆ ಬೇಡವೆಂದರೂ ನಡೆಯುತ್ತದೆ. ‘ಎರಡು ಬೆರಳ ಪರೀಕ್ಷೆ’ ಮಾಡುವಂತಿಲ್ಲ. ಮಾಡಿದವರು ದುರ್ನಡತೆ ಎಸಗಿದಂತೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ.

ಠಾಣೆ ಯಾವುದಾದರೂ ಸರಿ. ‘ನಮ್ಮ ಲಿಮಿಟ್ ಅಲ್ಲ’ ಎನ್ನುವಂತಿಲ್ಲ, ಜೀರೊ ಎಫ್‌ಐಆರ್ ಹಾಕಿ ವರ್ಗಾಯಿಸಬೇಕು. ಹೇಳಿಕೆ ಬರೆದುಕೊಳ್ಳುವವರು ಮಹಿಳಾ ಅಧಿಕಾರಿಯಾಗಿರಬೇಕು. ಎಫ್‌ಐಆರ್ ದಾಖಲಿಸದ ಅಧಿಕಾರಿಗೆ 6 ತಿಂಗಳಿಂದ 2 ವರ್ಷ ಜೈಲು. ಇಲ್ಲಿ ಒಂದು ಕಿವಿಮಾತು. ತಾರೀಖು ನೆನಪಿಲ್ಲದಿದ್ದರೆ ಊಹಿಸಿ ಹೇಳಬೇಡಿ. ‘ಗೌರಿ ಹಬ್ಬದ ಹಿಂದಿನ ಸಂತೆ ದಿನ’ ಎಂದೇ ಬರೆಸಿ. ಬರೆದುಕೊಳ್ಳುವವರು ಅನುಕೂಲಕ್ಕೆಂದು ಒಂದು ತಾರೀಖು ಸೇರಿಸುತ್ತಾರೆ, ಅದು ಎರಡು ದಿನ ಹೆಚ್ಚು ಕಡಿಮೆಯಾಗಿ, ಮೂರು ವರ್ಷದ ನಂತರ ಪಾಟೀಸವಾಲಿನಲ್ಲಿ ಆಕೆಯನ್ನೇ ಸುಳ್ಳುಗಾತಿ ಮಾಡುತ್ತದೆ. ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಸಹಾಯಕ್ಕೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಉಚಿತ ವಕೀಲರಿಗೆ 15100. ಜಿಲ್ಲೆಯ ಸಖಿ ಕೇಂದ್ರದಲ್ಲಿ ಆಪ್ತ ಸಮಾಲೋಚನೆ, ಕೆಲವು ದಿನದ ಆಶ್ರಯ ಎರಡೂ ಸಿಗುತ್ತವೆ. ಮಗುವಿನ ಪ್ರಕರಣವಾದರೆ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ಹೇಳಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಶಾಲೆಯ ಹೆಸರು ಕೆಡುತ್ತದೆ ಎಂಬ ಕಾರಣ ನಡೆಯುವುದಿಲ್ಲ.

ಇಷ್ಟೆಲ್ಲ ಇದ್ದೂ ವಿಚಾರಣೆ ಮುಗಿದ ಅತ್ಯಾಚಾರ ಪ್ರಕರಣಗಳಲ್ಲಿ ಶಿಕ್ಷೆಯಾಗುವುದು ಸುಮಾರು ನಾಲ್ಕಕ್ಕೊಂದರಲ್ಲಿ. ಉಳಿದವೆಲ್ಲ ಸುಳ್ಳು ದೂರು ಎಂದು ಓದುವುದು ಅವಸರ. ವರ್ಷಗಟ್ಟಲೆ ಎಳೆದಾಟದಲ್ಲಿ ಊರ ಹಿರಿಯರು ರಾಜಿ ಮಾಡಿಸುತ್ತಾರೆ, ಸಾಕ್ಷಿಗಳು ತಿರುಗಿಬೀಳುತ್ತಾರೆ, ಕೆಲವೊಮ್ಮೆ ಆಕೆಯ ಮದುವೆಯಾಗಿ ಹೊಸ ಮನೆಯವರಿಗೆ ವಿಷಯ ತಿಳಿಯುವುದೇ ಬೇಡವಾಗಿರುತ್ತದೆ. ಸಂತ್ರಸ್ತೆಯ ಮಾತು ನಂಬಲರ್ಹವಾಗಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ, ತಡವಾದ ದೂರು ತಾನಾಗಿಯೇ ಸುಳ್ಳಲ್ಲ ಎಂದು ಸುಪ್ರೀಂ ಕೋರ್ಟ್ 1996ರ ಗುರ್ಮಿತ್ ಸಿಂಗ್ ಪ್ರಕರಣದಲ್ಲೇ ಹೇಳಿಯಾಗಿದೆ. ಆಕೆಯ ಹಿಂದಿನ ಸಂಬಂಧಗಳನ್ನು ಒಪ್ಪಿಗೆಯ ಪುರಾವೆಯಾಗಿ ಎಳೆದು ತರುವಂತಿಲ್ಲ ಎಂಬ ನಿಯಮವೂ ಇದೆ. ಪಾಟೀಸವಾಲಿನ ಹೊತ್ತಿಗೆ ಸರ್ಕಾರಿ ವಕೀಲರು ಎದ್ದು ಆಕ್ಷೇಪಿಸಿದರೆ ಮಾತ್ರ ಆ ನಿಯಮ ಕೆಲಸ ಮಾಡುತ್ತದೆ.

2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣಗೆ ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರಕ್ಕಾಗಿ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಹೋಗಿದೆ. ಆಕೆ ದೂರು ಕೊಟ್ಟಿದ್ದು ಮೂರು ವರ್ಷ ತಡವಾಗಿ. ಆದರೆ ತೋಟದ ಮನೆಯಲ್ಲೇ ಉಳಿದುಹೋಗಿದ್ದ ಒಂದು ಸೀರೆಯ ಮೇಲೆ ಡಿಎನ್‌ಎ ಇತ್ತು, ಚಿತ್ರೀಕರಿಸಿದ ವಿಡಿಯೊ ಇತ್ತು. ಶಿಕ್ಷೆಯಾದ ಸೆಕ್ಷನ್‌ಗಳಲ್ಲಿ ಒಂದು ಹಳೆಯ ಐಪಿಸಿಯ 376(2)(ಕೆ): ಮಹಿಳೆಯ ಮೇಲೆ ಹಿಡಿತ ಅಥವಾ ಪ್ರಾಬಲ್ಯ ಇರುವ ಸ್ಥಾನದಲ್ಲಿದ್ದು ಮಾಡಿದ ಅತ್ಯಾಚಾರ. ಠಾಣೆ, ಜೈಲುಗಳಿಗೆಂದು 1983ರಲ್ಲಿ ಬಂದ ಆ ನಿಯಮ 2013ರ ನಂತರ ಈ ಉಪವಿಧಿಗೂ ಹಬ್ಬಿದೆ. ಮಾಲೀಕ ಮತ್ತು ಕೆಲಸದಾಳು, ಸೂಪರ್‌ವೈಸರ್ ಮತ್ತು ಟೈಲರ್ ನಡುವಿನ ಪ್ರಕರಣವನ್ನು ಈ ಉಪವಿಧಿಯಲ್ಲಿ ಹೂಡಿದರೆ, ಕೃತ್ಯ ಸಾಬೀತಾದ ಮೇಲೆ ‘ಒಪ್ಪಿರಲಿಲ್ಲ’ ಎಂಬ ಆಕೆಯ ಮಾತನ್ನೇ ಕೋರ್ಟು ಆಧಾರವಾಗಿ ಹಿಡಿಯಬೇಕು. ಹೊಸ ಸಂಹಿತೆಯಲ್ಲಿ ಅದೇ ಉಪವಿಧಿ 64(2)ರಲ್ಲಿದೆ, ಆ ನಿಯಮ ಸಾಕ್ಷ್ಯ ಅಧಿನಿಯಮದ 120ನೇ ಸೆಕ್ಷನ್‌ನಲ್ಲಿದೆ. ಎಫ್‌ಐಆರ್ ಬರೆಯುವ ದಿನ ಸಾಮಾನ್ಯ ಅತ್ಯಾಚಾರ ಪ್ರಕರಣದ 64(1) ಅಷ್ಟೇ ಹಾಕಿದ್ದಾರೋ, 64(2) ಕೂಡ ಇದೆಯೋ ಎಂದು ವಕೀಲರಿಂದ ನೋಡಿಸಿಕೊಳ್ಳಿ. ಎರಡನೆಯದು ಇದ್ದರೆ, ‘ಅವಳು ಒಪ್ಪಿದ್ದಳೆಂದು ನಿನಗೆ ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆಗೆ ಕಟಕಟೆಯಲ್ಲಿ ನಿಂತವನು ಉತ್ತರಿಸಬೇಕಾಗುತ್ತದೆ.